ಅಪರಾಧ ಧಾರಾವಾಹಿಗಳಲ್ಲಿ ಕೊಲೆಯಾದವರ ಪಾಲು

ಅಮೆರಿಕದ ಎನ್‌ಬಿಸಿ ವಾಹಿನಿ 1990ರಲ್ಲಿ ಆರಂಭಿಸಿದ ‘ಲಾ ಅಂಡ್ ಆರ್ಡರ್’ ಸರಣಿಯ ಕಂತುಗಳು ಒಂದು ಮುನ್ನುಡಿಯೊಂದಿಗೆ ತೆರೆದುಕೊಳ್ಳುತ್ತವೆ. ನ್ಯಾಯವ್ಯವಸ್ಥೆಯಲ್ಲಿ ಜನರ ಪರವಾಗಿ ನಿಲ್ಲುವವರು ಎರಡು ಗುಂಪಿನವರು, ಒಂದು ತನಿಖೆ ಮಾಡುವ ಪೊಲೀಸರದು, ಇನ್ನೊಂದು ಮೊಕದ್ದಮೆ ನಡೆಸುವ ಸರ್ಕಾರಿ ವಕೀಲರದು, ಇವು ಅವರ ಕಥೆಗಳು ಎಂಬುದು ಆ ಮುನ್ನುಡಿಯ ಸಾರ. ಯಾರ ಸಾವಿನಿಂದ ಅಂದಿನ ಕಥೆ ಹುಟ್ಟಿತೋ ಆ ವ್ಯಕ್ತಿ ಈ ಎರಡೂ ಗುಂಪಿಗೆ ಸೇರಿದವರಲ್ಲ. ಇಷ್ಟು ನೇರವಾಗಿ ತನ್ನ ಒಲವನ್ನು ಹೇಳಿಕೊಂಡ ಸರಣಿ ಬೇರೊಂದಿಲ್ಲ. ಹೇಳಿಕೊಳ್ಳದೆ ಇದೇ ದಾರಿಯಲ್ಲಿ ನಡೆದವು ನೂರಾರು.

ಕರ್ನಾಟಕ ಬಿಟ್ಟು ಇಂಗ್ಲೆಂಡಿನಲ್ಲಿ ನೆಲೆಸಿರುವ ನಾನು ಇಲ್ಲಿನ ಅಪರಾಧ ಸರಣಿಗಳನ್ನೂ ಅಲ್ಲಿನವನ್ನೂ ಜೊತೆಜೊತೆಗೇ ನೋಡುತ್ತ ಬಂದಿದ್ದೇನೆ. ಎರಡು ಕಡೆಯ ರೀತಿಗಳಲ್ಲಿ ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಕೊಲೆಯಾದವರ ಹೆಸರು, ಭಾವಚಿತ್ರ, ಮನೆಯ ವಿಳಾಸದವರೆಗೆ ಎಲ್ಲವೂ ಬಯಲಾಗಿರುತ್ತದೆ. ಭಾರತದಲ್ಲಿ ಕೆಲವು ಬಗೆಯ ಅಪರಾಧಗಳಲ್ಲಿ ಕಾನೂನೇ ಹೆಸರನ್ನು ಮುಚ್ಚಿಡುತ್ತದೆ, ಉಳಿದವುಗಳಲ್ಲಿ ಸಂಕೋಚ ಮುಚ್ಚಿಡುತ್ತದೆ. ಆದರೆ ಎರಡು ಕಡೆಯೂ ಹೆಚ್ಚಿನ ಧಾರಾವಾಹಿಗಳಲ್ಲಿ ಆ ವ್ಯಕ್ತಿ ಮಾತ್ರ ಕಾಣುವುದಿಲ್ಲ. ಹೆಸರನ್ನು ಕಾಪಾಡುವುದು ಒಂದು ಕೆಲಸ, ಮನುಷ್ಯರನ್ನು ತೆರೆಯ ಮೇಲೆ ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಮಾಡಿದ್ದೇವೆ ಎಂಬ ಸಮಾಧಾನದಲ್ಲಿ ಎರಡನೆಯದನ್ನು ನಮ್ಮವರು ಕೈಬಿಟ್ಟಿದ್ದಾರೆ. ಮೊದಲನೆಯದರ ಚಿಂತೆಯೇ ಇಲ್ಲದೆ ಎರಡನೆಯದನ್ನೂ ಇಲ್ಲಿನ ಬಹುಪಾಲು ನಿರ್ಮಾಪಕರು ಬಿಟ್ಟಿದ್ದರು. ಈಚಿನ ವರ್ಷಗಳಲ್ಲಿ ಇಲ್ಲಿ ಕೆಲವರು ದಾರಿ ಬದಲಿಸಿದ್ದಾರೆ, ಹೇಗೆ ಬದಲಿಸಿದರು ಎಂಬುದನ್ನು ನಮ್ಮವರು ಗಮನಿಸಬೇಕು ಎಂಬುದು ನನ್ನ ಅನಿಸಿಕೆ.

ಈ ಅನ್ಯಾಯಕ್ಕೆ ಯಾರದೋ ಕ್ರೌರ್ಯವೇ ಕಾರಣವೆಂದು ಹೇಳಲಾಗದು, ಅದರ ಬಹುಪಾಲು ಸರಣಿಯ ಕಟ್ಟಡದಲ್ಲೇ ಇದೆ. ಪತ್ತೇದಾರ ಮುಂದಿನ ವಾರವೂ ಬರಬೇಕು, ಮುಂದಿನ ವರ್ಷವೂ ಬರಬೇಕು. ಆದ್ದರಿಂದ ಅವನಿಗೆ ಮುರಿದ ಸಂಸಾರ, ಕುಡಿತದ ಚಟ, ಹಳೆಯ ನೋವು, ಮೇಲಧಿಕಾರಿಯೊಂದಿಗೆ ಜಗಳ ಎಲ್ಲವನ್ನೂ ಬರಹಗಾರರು ಕೊಡುತ್ತಾರೆ. ಅಪರಾಧಿ ಕೊನೆಯವರೆಗೂ ಪತ್ತೇದಾರನಿಗೆ ಸರಿಸಮನಾಗಿ ನಿಲ್ಲಬೇಕಾದ್ದರಿಂದ ಅವನಿಗೆ ಬುದ್ಧಿ, ಮಾತಿನ ಮೋಡಿ, ಬಾಲ್ಯದ ಗಾಯ ದೊರೆಯುತ್ತವೆ. 1971ರಿಂದ ಕಂತುಕಂತಾಗಿ ಬರತೊಡಗಿದ ‘ಕೊಲಂಬೊ’ ಸರಣಿಯಲ್ಲಂತೂ ಕೊಲೆಗಾರ ಯಾರೆಂಬುದು ಆರಂಭದಲ್ಲೇ ಗೊತ್ತಾಗುತ್ತದೆ. ಉಳಿದ ಹೊತ್ತೆಲ್ಲ ಅವನಿಗೂ ಮಾಸಿದ ರೇನ್‌ಕೋಟಿನ ಅಧಿಕಾರಿಗೂ ನಡೆಯುವ ಚದುರಂಗ. ಅದನ್ನು ನಾನು ಇಷ್ಟಪಟ್ಟೇ ನೋಡಿದ್ದೇನೆ. ಆದರೆ ಆ ಚದುರಂಗದಲ್ಲಿ ಸತ್ತವರು ಆಟ ಶುರುವಾಗುವ ಮುನ್ನವೇ ಹಲಗೆಯಿಂದ ಎತ್ತಿಟ್ಟ ಕಾಯಿ. 2000ರಲ್ಲಿ ಬಂದ ‘ಸಿಎಸ್‌ಐ’ ಇನ್ನೊಂದು ಹೆಜ್ಜೆ ಮುಂದೆ ಹೋಗಿ ದೇಹವನ್ನೇ ಪ್ರಯೋಗಾಲಯದ ವಸ್ತುವಾಗಿಸಿತು. ಗುಂಡು ಹೊಕ್ಕ ದಾರಿಯನ್ನು ಕ್ಯಾಮೆರಾ ಮಾಂಸದೊಳಗೆ ನುಗ್ಗಿ ತೋರಿಸಿತು. ಆ ದೇಹಕ್ಕೆ ಬೆಳಿಗ್ಗೆ ಎದ್ದಾಗ ಏನು ಆಸೆಯಿತ್ತು ಎಂದು ಕೇಳಲು ಅಲ್ಲಿ ಪುರುಸೊತ್ತಿರಲಿಲ್ಲ.

ಕಟ್ಟಡದ ಈ ದೋಷಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಕೊಲೆಯಾದವರ ಬದುಕು ತೆರೆಯ ಮೇಲೆ ಬಂದಾಗಲೂ ಅದು ಸುಳಿವಾಗಿ ಬರುತ್ತದೆ. ಯುವತಿಯ ಮೇಜಿನ ಡ್ರಾಯರು, ಮೊಬೈಲಿನ ಸಂದೇಶಗಳು, ದಿನಚರಿ, ಗೆಳೆಯರೊಂದಿಗಿನ ಮುನಿಸು ಎಲ್ಲವನ್ನೂ ಹೊರಗೆಳೆದು ಹರಡುತ್ತಾರೆ. ಹೊರಬಿದ್ದ ಪ್ರತಿಯೊಂದು ಗುಟ್ಟೂ ಯಾರನ್ನೋ ಶಂಕಿತನಾಗಿ ನಿಲ್ಲಿಸುತ್ತದೆ, ಜೊತೆಗೆ ಅವಳನ್ನೂ ಸ್ವಲ್ಪ ಕೆಳಗಿಳಿಸುತ್ತದೆ. ಶವಾಗಾರದಲ್ಲಿ ನಡೆಯುವುದು ಒಂದು ಮರಣೋತ್ತರ ಪರೀಕ್ಷೆಯಾದರೆ, ಕಥೆಯಲ್ಲಿ ನಡೆಯುವುದು ನಡತೆಯ ಮರಣೋತ್ತರ ಪರೀಕ್ಷೆ. 1990ರ ‘ಟ್ವಿನ್ ಪೀಕ್ಸ್’ ಇದಕ್ಕೆ ಮಾದರಿ ಹಾಕಿಕೊಟ್ಟಿತು. ಲಾರಾ ಪಾಮರ್ ಎಂಬ ಶಾಲಾ ಹುಡುಗಿಯ ನಗುಮುಖದ ಭಾವಚಿತ್ರ, ಪ್ಲಾಸ್ಟಿಕ್ ಸುತ್ತಿದ ಅವಳ ಶವ, ಅವಳ ಗುಟ್ಟಿನ ದಿನಚರಿ ಇವು ಜಗತ್ತಿಗೆಲ್ಲ ಪರಿಚಿತವಾದವು. ಆಮೇಲೆ ಬಂದ ಎಷ್ಟೋ ಸರಣಿಗಳು ಹಾಗೆಯೇ ಚೆಲುವೆಯೊಬ್ಬಳ ಶವದಿಂದ ಆರಂಭವಾದವು. ಎಚ್‌ಬಿಒ 2014ರಲ್ಲಿ ಪ್ರಸಾರ ಮಾಡಿದ ‘ಟ್ರೂ ಡಿಟೆಕ್ಟಿವ್’ನಲ್ಲಿ ಮರದ ಬುಡದಲ್ಲಿ ತಲೆಗೆ ಜಿಂಕೆಕೊಂಬು ಕಟ್ಟಿ ಮಂಡಿಯೂರಿಸಿದ್ದ ಹೆಣ್ಣಿನ ಶವವನ್ನು ನೋಡಿದವರು ಮರೆಯಲಾರರು, ಅವಳು ಏನು ಓದಿದ್ದಳು, ಯಾರ ಮೇಲೆ ಪ್ರೀತಿ ಇಟ್ಟಿದ್ದಳು ಎಂದು ಕೇಳಿದರೆ ಅದೇ ನೋಡುಗರ ಬಳಿ ಉತ್ತರವಿರುವುದಿಲ್ಲ. ಇಬ್ಬರು ಪತ್ತೇದಾರರ ತತ್ತ್ವಜಿಜ್ಞಾಸೆಯಾದರೋ ಸಾಲುಸಾಲಾಗಿ ನೆನಪಿರುತ್ತದೆ.

ಈ ಹಾದಿಯ ಬಗ್ಗೆ ಮೊದಲೇ ಎಚ್ಚರಿಸಿದ ಒಂದು ಬ್ರಿಟಿಷ್ ಸರಣಿಯಿದೆ. ಲಿಂಡಾ ಲಾ ಪ್ಲಾಂಟ್ ಬರೆದು 1991ರಲ್ಲಿ ಪ್ರಸಾರವಾದ ‘ಪ್ರೈಮ್ ಸಸ್ಪೆಕ್ಟ್’ನಲ್ಲಿ ಹೆಲೆನ್ ಮಿರೆನ್ ಅಭಿನಯಿಸಿದ ಜೇನ್ ಟೆನಿಸನ್ ಎಂಬ ಅಧಿಕಾರಿ, ಹಿಂದಿನ ತನಿಖಾಧಿಕಾರಿ ಹಠಾತ್ತನೆ ತೀರಿಕೊಂಡ ಬಳಿಕ ಕೊಲೆ ಪ್ರಕರಣವೊಂದನ್ನು ಕೈಗೆತ್ತಿಕೊಳ್ಳುತ್ತಾಳೆ. ಅವಳು ಮೊದಲು ಕಂಡುಹಿಡಿಯುವುದು ಕೊಲೆಗಾರನನ್ನಲ್ಲ. ಶವವನ್ನೇ ತಪ್ಪಾಗಿ ಗುರುತಿಸಲಾಗಿದೆ ಎಂಬುದನ್ನು. ಹಿಂದಿನವರು ಲೈಂಗಿಕ ವೃತ್ತಿಯಲ್ಲಿದ್ದ ಒಬ್ಬಳ ಹೆಸರನ್ನು ಕಡತದಲ್ಲಿ ಬರೆದು ಮುಂದೆ ಸಾಗಿದ್ದರು. ಸತ್ತವಳು ಬೇರೆಯೇ ಹುಡುಗಿ, ಅವಳ ತಂದೆತಾಯಿಗೆ ವಿಷಯವೇ ತಿಳಿದಿರಲಿಲ್ಲ. ಕೊಲೆಯಾದವಳು ಯಾರು ಎಂದು ಸರಿಯಾಗಿ ಕೇಳದೆ ಕೊಂದವನು ಯಾರು ಎಂಬ ಪ್ರಶ್ನೆಗೆ ಓಡಿದ್ದರಿಂದ ತನಿಖೆಯೇ ಹಾದಿ ತಪ್ಪಿತ್ತು. ಸತ್ತವರ ಬಗೆಗಿನ ಕಾಳಜಿ ಮತ್ತು ಒಳ್ಳೆಯ ಪತ್ತೇದಾರಿಕೆ ಒಂದಕ್ಕೊಂದು ಅಡ್ಡಿ ಎನ್ನುವವರಿಗೆ ಈ ಒಂದು ತಿರುವು ಸಾಕು.

ಈ ನಡುವೆ ಅಪರಾಧಿಯ ಹೆಸರೇ ಮಾರುಕಟ್ಟೆಯ ಸರಕಾಗಿಬಿಟ್ಟಿದೆ. ನೆಟ್‌ಫ್ಲಿಕ್ಸ್ 2022ರ ಸೆಪ್ಟೆಂಬರಿನಲ್ಲಿ, 1978ರಿಂದ 1991ರ ನಡುವೆ 17 ಮಂದಿ ಯುವಕರನ್ನೂ ಹುಡುಗರನ್ನೂ ಕೊಂದ ಜೆಫ್ರಿ ಡಾಮರ್ ಕುರಿತ ನಾಟಕ ಸರಣಿಯನ್ನು ಬಿಡುಗಡೆ ಮಾಡಿತು. ಅವನ ಹೆಸರು ಶೀರ್ಷಿಕೆಯಲ್ಲಿ ಎರಡೆರಡು ಬಾರಿ ಬರುತ್ತದೆ. ಕೊಲೆಯಾದ ಒಬ್ಬ ತರುಣನ ಅಕ್ಕ 1992ರಲ್ಲಿ ನ್ಯಾಯಾಲಯದಲ್ಲಿ ಆಡಿದ ದುಃಖದ ಮಾತುಗಳನ್ನು, ಅವರು ತೊಟ್ಟಿದ್ದ ಉಡುಪಿನ ಬಗೆಯನ್ನು, ಕೂದಲಿನ ವಿನ್ಯಾಸವನ್ನು ಕೂಡ ಒಬ್ಬ ನಟಿಯ ಮೂಲಕ ಅಚ್ಚೊತ್ತಿದಂತೆ ತೋರಿಸಿದರು. ತನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ ಎಂದು ಆ ಅಕ್ಕ ಸಾರ್ವಜನಿಕವಾಗಿ ಹೇಳಿಕೊಂಡರು. ಕುಟುಂಬಗಳನ್ನು ಸಂಪರ್ಕಿಸಲು ಯತ್ನಿಸಿದ್ದೆವು, ಉತ್ತರ ಬರಲಿಲ್ಲ ಎಂಬುದು ನಿರ್ಮಾಪಕರ ವಾದ. ಅಮೆರಿಕದ ಕಾನೂನಿನಲ್ಲಿ ಕೇಳಲೇಬೇಕೆಂಬ ನಿಯಮವಿಲ್ಲ. ನ್ಯಾಯಾಲಯದ ಕಲಾಪ ಸಾರ್ವಜನಿಕ ದಾಖಲೆ. ಆದರೆ ಮನುಷ್ಯರು ತಮ್ಮ ಜೀವನದ ಅತ್ಯಂತ ಕೆಟ್ಟ ದಿನದಂದು ನ್ಯಾಯಾಧೀಶರ ಮುಂದೆ ಬಾಯಿಬಿಟ್ಟು ಅತ್ತದ್ದನ್ನು ಮೂವತ್ತು ವರ್ಷಗಳ ಬಳಿಕ ಮನರಂಜನೆಯ ನಡುವಿನ ಒಂದು ದೃಶ್ಯವಾಗಿ ಅವರೇ ನೋಡಬೇಕಾಗಿ ಬಂದಾಗ, ಕಾನೂನು ಬಿಟ್ಟ ಜಾಗವನ್ನು ಸಾಮಾನ್ಯ ಮರ್ಯಾದೆ ತುಂಬಬೇಕಿತ್ತು.

ಆ ಸರಣಿಯ ಬಗ್ಗೆ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಅದರ ಆರನೆಯ ಕಂತು ಕೊಲೆಯಾದ ಕಿವುಡ ಯುವಕ ಟೋನಿ ಹ್ಯೂಸ್‌ನ ಬದುಕನ್ನು ಹುಟ್ಟಿನಿಂದ ಹಿಡಿಯುತ್ತದೆ. ಅವನ ಗೆಳೆಯರು, ಸನ್ನೆಭಾಷೆಯಲ್ಲಿ ಅವರು ಹಂಚಿಕೊಳ್ಳುವ ತಮಾಷೆ, ಮಾಡೆಲ್ ಆಗಬೇಕೆಂಬ ಅವನ ಕನಸು, ಅಲ್ಲಲ್ಲಿ ಶಬ್ದವೇ ಇಲ್ಲದಂತೆ ಮಾಡಿ ಅವನು ಜಗತ್ತನ್ನು ಅನುಭವಿಸುವ ರೀತಿ, ಇವೆಲ್ಲ ಅಲ್ಲಿವೆ. ಆ ಒಂದು ಗಂಟೆಯಲ್ಲಿ ಕೊಲೆಗಾರ ನಿಜವಾಗಿಯೂ ಭಯ ಹುಟ್ಟಿಸುತ್ತಾನೆ, ಏಕೆಂದರೆ ಕಳೆದುಹೋಗಲಿರುವುದು ಏನೆಂದು ಆಗಷ್ಟೇ ನಮಗೆ ತಿಳಿದಿರುತ್ತದೆ. ಉಳಿದ ಒಂಬತ್ತು ಕಂತುಗಳನ್ನೂ ಹೀಗೆಯೇ ಬರೆಯಬಲ್ಲ ಕೈ ಅವರದಾಗಿತ್ತು ಎಂಬುದೇ ನನ್ನ ದೂರು. 2023ರ ಜನವರಿಯಲ್ಲಿ ಕೊಲೆಗಾರನ ಪಾತ್ರಧಾರಿ ಇವಾನ್ ಪೀಟರ್ಸ್‌ಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂತು. ಟೋನಿಯ ತಾಯಿ ಅದಕ್ಕೆ ನೊಂದು ಪ್ರತಿಕ್ರಿಯಿಸಿದರು.

ಮರುವರ್ಷ ಬ್ರಿಟನ್ನಿನಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. ಸಾರಾ ಫೆಲ್ಪ್ಸ್ ಬರೆದು ಬಿಬಿಸಿ 2023ರಲ್ಲಿ ಪ್ರಸಾರ ಮಾಡಿದ ‘ದಿ ಸಿಕ್ಸ್ತ್ ಕಮ್ಯಾಂಡ್‌ಮೆಂಟ್’ನಲ್ಲಿ ಕೊಲೆಯಾದ ಪೀಟರ್ ಫಾರ್ಕರ್ ಪಾತ್ರ ವಹಿಸಿದ ಟಿಮೊಥಿ ಸ್ಪಾಲ್‌ಗೆ 2024ರ ಬಾಫ್ಟಾ ಸಮಾರಂಭದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. ಕೊಂದವನ ಪಾತ್ರಕ್ಕಲ್ಲ, ಕೊಲೆಯಾದವರ ಪಾತ್ರಕ್ಕೆ. ಬಕಿಂಗ್‌ಹ್ಯಾಮ್‌ಶೈರಿನ ಹಳ್ಳಿಯೊಂದರಲ್ಲಿ ಒಂಟಿಯಾಗಿದ್ದ ನಿವೃತ್ತ ಉಪಾಧ್ಯಾಯ ಅವರು. ಕಾದಂಬರಿ ಬರೆದವರು, ಆಳವಾದ ದೈವಭಕ್ತರು, ತಮ್ಮ ಸಲಿಂಗ ಒಲವನ್ನು ಭಕ್ತಿಯೊಂದಿಗೆ ಹೊಂದಿಸಿಕೊಳ್ಳಲಾಗದೆ ಜೀವನವಿಡೀ ತೊಳಲಿದವರು. ಬೆನ್ ಫೀಲ್ಡ್ ಎಂಬ ತರುಣ ವಿದ್ಯಾರ್ಥಿ ಪ್ರೀತಿಯ ನಟನೆಯಿಂದ ಅವರ ಮನೆ ಹೊಕ್ಕು, ಆಹಾರ ಪಾನೀಯಗಳಲ್ಲಿ ಮದ್ದು ಬೆರೆಸಿ, ಅವರಿಗೆ ಮರೆವಿನ ರೋಗವೆಂದು ಅವರೇ ನಂಬುವಂತೆ ಮಾಡಿ 2015ರಲ್ಲಿ ಕೊಂದ. 2019ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ಈ ನಾಲ್ಕು ಕಂತುಗಳ ಸರಣಿಯಲ್ಲಿ ಮೊದಲನೆಯ ಕಂತು ಹೆಚ್ಚುಕಡಿಮೆ ಪೂರ್ತಿಯಾಗಿ ಪೀಟರ್ ಅವರದೇ. ಪೊಲೀಸರು ಅಲ್ಲಿ ಕಾಲಿಡುವುದೇ ಇಲ್ಲ ಎನ್ನಬಹುದು. ಪಾಠ ಹೇಳುವಾಗ ಅವರ ಕಣ್ಣಿನಲ್ಲಿ ಮೂಡುವ ಹೊಳಪು, ಇಷ್ಟು ತಡವಾಗಿ ತನ್ನನ್ನು ಒಬ್ಬರು ಪ್ರೀತಿಸಿದರಲ್ಲ ಎಂಬ ಅಚ್ಚರಿ, ಆಮೇಲೆ ಸ್ವಂತ ಬುದ್ಧಿಯ ಮೇಲೇ ಅವರಿಗೆ ಹುಟ್ಟುವ ಅನುಮಾನ, ಇವುಗಳನ್ನು ನೋಡುತ್ತ ಹೋದಂತೆ ನಾವು ಅವರ ಪರಿಚಿತರಾಗುತ್ತೇವೆ. ಕೊಲೆಗಾರನ ಬಾಲ್ಯವನ್ನು ಕೆದಕುವ ಗೊಡವೆಗೆ ಸರಣಿ ಹೋಗುವುದಿಲ್ಲ. ಅವನು ಏಕೆ ಹೀಗಾದ ಎಂಬ ಪ್ರಶ್ನೆಗೆ ಉತ್ತರ ಕೊಡದಿದ್ದರೂ ಕಥೆಯ ಬಿಗಿ ಎಲ್ಲಿಯೂ ಸಡಿಲವಾಗುವುದಿಲ್ಲ. ಫಾರ್ಕರ್ ಅವರ ಮನೆಯವರು ಮತ್ತು ಅವನ ಬಲೆಗೆ ಬಿದ್ದ ಇನ್ನೊಬ್ಬ ವೃದ್ಧೆ ಆನ್ ಮೂರ್ ಮಾರ್ಟಿನ್ ಅವರ ಮನೆಯವರು ನಿರ್ಮಾಣಕ್ಕೆ ನೆರವಾಗಿದ್ದರು. ಆ ನೆರವಿನ ಫಲವನ್ನು ತೆರೆಯ ಮೇಲೆ ಗುರುತಿಸಬಹುದು. ಹತ್ತಿರದವರಿಗೆ ಮಾತ್ರ ಗೊತ್ತಿರುವಂಥ ಸಣ್ಣಸಣ್ಣ ನಡೆನುಡಿಗಳಿಂದ ಆ ಪಾತ್ರಗಳು ತುಂಬಿವೆ. ಕುಟುಂಬವನ್ನು ಕೇಳಿದರೆ ಕಥೆ ಸಪ್ಪೆಯಾಗುತ್ತದೆ ಎಂಬ ಅಳುಕು ನಮ್ಮ ನಿರ್ಮಾಪಕರಲ್ಲಿದ್ದರೆ ಅವರು ಈ ಸರಣಿಯನ್ನೊಮ್ಮೆ ನೋಡಬೇಕು.

ಸತ್ತವರ ಬದುಕಿಗೆ ಸಮಯ ಕೊಡುವುದು ಒಂದು ಬಗೆಯಾದರೆ, ಉಳಿದವರ ದುಃಖಕ್ಕೆ ಸಮಯ ಕೊಡುವುದು ಇನ್ನೊಂದು. ಎರಡನೆಯದನ್ನು ಧೈರ್ಯವಾಗಿ ಮಾಡಿದವರು ಡೆನ್ಮಾರ್ಕಿನವರು. ಅಲ್ಲಿನ ಸಾರ್ವಜನಿಕ ವಾಹಿನಿ ಡಿಆರ್ 2007ರಲ್ಲಿ ಪ್ರಸಾರ ಮಾಡಿದ ‘ಫೊರ್‌ಬ್ರಿಡೆಲ್ಸನ್’ ಒಂದೇ ಒಂದು ಕೊಲೆಯನ್ನು 20 ಕಂತುಗಳಿಗೆ ಹರಡಿತು. ಪತ್ತೇದಾರಿಣಿ, ರಾಜಕಾರಣಿ ಮತ್ತು ಕೊಲೆಯಾದ ನಾನಾ ಎಂಬ ಹುಡುಗಿಯ ಮನೆ, ಈ ಮೂರಕ್ಕೂ ಸಮಸಮನಾದ ಜಾಗ. ಮೊದಲ ಕಂತಿನ ಕೊನೆಯಲ್ಲಿ ನೀರಿನಿಂದ ಕಾರೊಂದನ್ನು ಮೇಲೆತ್ತುವ ಸ್ಥಳಕ್ಕೆ ತಂದೆ ಬಂದು ತಲುಪಿದಾಗ ತಾಯಿ ಫೋನಿನ ಆಚೆ ತುದಿಯಲ್ಲಿದ್ದಾಳೆ. ಮಗಳು ಸಿಕ್ಕಳೆಂಬುದು ಆಕೆಗೆ ಗೊತ್ತಾಗುವುದು ಗಂಡನ ಕೂಗಿನಿಂದ. ಹೆಚ್ಚಿನ ಸರಣಿಗಳಲ್ಲಿ ಈ ದೃಶ್ಯದ ಬಳಿಕ ತಂದೆತಾಯಿ ಮತ್ತೆ ಕಾಣುವುದು ಅಂತ್ಯಸಂಸ್ಕಾರದಲ್ಲಿ. ಇಲ್ಲಿ ಹಾಗಲ್ಲ. ಮರುದಿನ ಉಳಿದ ಇಬ್ಬರು ಗಂಡುಮಕ್ಕಳಿಗೆ ಊಟ ಬಡಿಸಬೇಕು, ಗಂಡನ ಸಾಮಾನು ಸಾಗಣೆಯ ವ್ಯಾಪಾರ ನಡೆಯಬೇಕು, ಬಾಕಿ ಕಟ್ಟಬೇಕು, ಮನೆಯೊಳಗೆ ಒಬ್ಬರನ್ನೊಬ್ಬರು ದೂರುವ ಮಾತು ಬರಬೇಕು. ನ್ಯಾಯಾಲಯದ ಯಾವ ಕಡತದಲ್ಲೂ ದಾಖಲಾಗದ ಈ ನಷ್ಟವನ್ನು ಕಾಣಿಸಲು ದೂರದರ್ಶನ ಧಾರಾವಾಹಿಯಷ್ಟು ಯೋಗ್ಯವಾದ ಪ್ರಕಾರ ಇನ್ನೊಂದಿಲ್ಲ, ಏಕೆಂದರೆ ವಾರಗಟ್ಟಲೆ ಸಮಯ ಇರುವುದು ಅದಕ್ಕೆ ಮಾತ್ರ.

ಯಾರ ಸಾವಿಗೆ ಕಣ್ಣೀರು ಸಲ್ಲುತ್ತದೆ ಎಂಬ ಪ್ರಶ್ನೆಯೂ ಇದರೊಳಗಿದೆ. ನಾರ್ವೆಯ ಅಪರಾಧಶಾಸ್ತ್ರಜ್ಞ ನಿಲ್ಸ್ ಕ್ರಿಸ್ಟಿ 1986ರಲ್ಲಿ ಸಮಾಜ ಒಪ್ಪುವ ಆದರ್ಶ ಸಂತ್ರಸ್ತರ ಲಕ್ಷಣಗಳನ್ನು ಪಟ್ಟಿ ಮಾಡಿದ್ದರು: ಆಕೆ ದುರ್ಬಲಳಾಗಿರಬೇಕು, ಗೌರವಯುತ ಕೆಲಸದಲ್ಲಿ ತೊಡಗಿರಬೇಕು, ಇರಬಾರದ ಜಾಗದಲ್ಲಿ ಇದ್ದಳೆಂಬ ಮಾತು ಬರಬಾರದು, ಎರಗಿದವನು ದೊಡ್ಡ ದುಷ್ಟನೂ ಅಪರಿಚಿತನೂ ಆಗಿರಬೇಕು. ಧಾರಾವಾಹಿಗಳು ಈ ಪಟ್ಟಿಯನ್ನು ಚಾಚೂ ತಪ್ಪದೆ ಪಾಲಿಸುತ್ತವೆ. ವಿಶ್ವಸಂಸ್ಥೆಯ ಅಂಕಿಅಂಶಗಳ ಪ್ರಕಾರ 2023ರಲ್ಲಿ ಜಗತ್ತಿನಾದ್ಯಂತ ಕೊಲೆಯಾದ ಸುಮಾರು 85,000 ಮಹಿಳೆಯರು ಮತ್ತು ಹುಡುಗಿಯರಲ್ಲಿ ಸುಮಾರು 51,100 ಮಂದಿ, ಅಂದರೆ ನೂರಕ್ಕೆ ಅರುವತ್ತು, ಸಂಗಾತಿ ಅಥವಾ ಕುಟುಂಬದವರ ಕೈಯಲ್ಲೇ ಸತ್ತವರು. ಒಟ್ಟಾರೆ ಕೊಲೆಗಳಲ್ಲಿ ಹತರಾಗುವವರ ಪೈಕಿ ನೂರಕ್ಕೆ ಎಂಬತ್ತರಷ್ಟು ಗಂಡಸರು. ತೆರೆಯ ಮೇಲಾದರೋ ಕತ್ತಲ ಬೀದಿ, ಅಪರಿಚಿತ ಸರಣಿ ಹಂತಕ, ಎಳೆಯ ಚೆಲುವೆ. ದಿನವೂ ನಡೆಯುವ ಕೊಲೆಯಲ್ಲಿ ಒಗಟಿಲ್ಲ ಎಂಬ ಒಂದೇ ಕಾರಣಕ್ಕೆ ಅದರಲ್ಲಿ ಸತ್ತವರು ಕಥೆಗೆ ಯೋಗ್ಯರಲ್ಲ ಎಂದಾಗುತ್ತದೆ.

ಈ ತಾರತಮ್ಯ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ 1975ರಿಂದ 1980ರವರೆಗೆ ಪೀಟರ್ ಸಟ್‌ಕ್ಲಿಫ್ 13 ಮಂದಿ ಮಹಿಳೆಯರನ್ನು ಕೊಂದ ಪ್ರಕರಣ ಸಾಕ್ಷಿ. ಲೈಂಗಿಕ ವೃತ್ತಿಯಲ್ಲಿ ಇಲ್ಲದ ಹುಡುಗಿಯೊಬ್ಬಳು ಕೊಲೆಯಾದಾಗ, ಈ ಬಾರಿ ನಿರಪರಾಧಿಯೊಬ್ಬಳು ಬಲಿಯಾದಳು ಎಂಬರ್ಥದ ಮಾತನ್ನು ಪೊಲೀಸರೇ ಆಡಿದ್ದರು. ಹಾಗಾದರೆ ಅದಕ್ಕೆ ಮುಂಚಿನವರು ಏನು ಅಪರಾಧ ಮಾಡಿದ್ದರು? ಅಂದು ಬಳಸಿದ ಭಾಷೆಗಾಗಿ ವೆಸ್ಟ್ ಯಾರ್ಕ್‌ಶೈರ್ ಪೊಲೀಸ್ ಇಲಾಖೆ ಕುಟುಂಬಗಳ ಕ್ಷಮೆ ಕೇಳಿದ್ದು 2020ರಲ್ಲಿ. ಐಟಿವಿ 2023ರಲ್ಲಿ ಈ ಪ್ರಕರಣವನ್ನು ಏಳು ಕಂತುಗಳಲ್ಲಿ ತೆರೆಗೆ ತಂದಾಗ, ಹಂತಕನಿಗೆ ಪತ್ರಿಕೆಗಳು ಕೊಟ್ಟಿದ್ದ ಅಡ್ಡಹೆಸರನ್ನು ಶೀರ್ಷಿಕೆಯಾಗಿಸುವ ಮೊದಲಿನ ಯೋಚನೆಯನ್ನು ಕುಟುಂಬಗಳ ಆಕ್ಷೇಪದ ಮೇಲೆ ಬಿಟ್ಟು ‘ದಿ ಲಾಂಗ್ ಶ್ಯಾಡೋ’ ಎಂದು ಹೆಸರಿಟ್ಟಿತು. ಕಥೆಯೂ ಆ ಮಹಿಳೆಯರ ಅಡುಗೆಮನೆಗಳಿಂದ, ಅವರ ಸಾಲಸೋಲಗಳಿಂದ, ಮಕ್ಕಳನ್ನು ಮಲಗಿಸಿ ಹೊರಡುವ ಅವರ ಸಂಜೆಗಳಿಂದ ಆರಂಭವಾಯಿತು.

ನಮ್ಮ ಕಡೆಗೆ ಬರೋಣ. ಸೋನಿ ವಾಹಿನಿಯಲ್ಲಿ 1998ರಿಂದ 2018ರವರೆಗೆ ನಡೆದ ‘ಸಿಐಡಿ’ಯನ್ನು ನೋಡದ ಭಾರತೀಯ ಮನೆ ಕಡಿಮೆ. ಎಸಿಪಿ ಪ್ರದ್ಯುಮ್ನ್ ಬೆರಳು ತಿರುಗಿಸುವ ರೀತಿ, ದಯಾ ಬಾಗಿಲು ಒಡೆಯುವ ರೀತಿ, ಡಾಕ್ಟರ್ ಸಾಲುಂಖೆಯ ಪ್ರಯೋಗಾಲಯ ಮಕ್ಕಳಿಗೂ ಬಾಯಿಪಾಠ. ಅಷ್ಟು ವರ್ಷಗಳಲ್ಲಿ ಅದರಲ್ಲಿ ಸತ್ತ ಒಬ್ಬರ ಹೆಸರನ್ನಾದರೂ ಹೇಳಿ ಎಂದರೆ ಯಾರಿಗೂ ನೆನಪಾಗದು. ಅದು ಒಗಟಿನ ಆಟ ಎಂದು ಬಿಡಬಹುದು. ನಿಜಪ್ರಕರಣಗಳನ್ನು ಆಧರಿಸಿದ ಕಾರ್ಯಕ್ರಮಗಳನ್ನು ಹಾಗೆ ಬಿಡಲಾಗದು. 2003ರಲ್ಲಿ ಆರಂಭವಾದ ‘ಕ್ರೈಮ್ ಪ್ಯಾಟ್ರೋಲ್’ ಮತ್ತು ಅದರ ಅಚ್ಚಿನಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಬಂದ ಕಾರ್ಯಕ್ರಮಗಳು ಒಂದು ಒಳ್ಳೆಯ ಕೆಲಸ ಮಾಡಿದವು: ಕೆಳಮಧ್ಯಮ ವರ್ಗದ ಮನೆಯೊಳಗಿನ ಕೊಲೆಯನ್ನು, ವರದಕ್ಷಿಣೆ ಸಾವನ್ನು, ನೆರೆಯವನ ದ್ರೋಹವನ್ನು ತೆರೆಗೆ ತಂದವು. ವಿದೇಶಿ ಸರಣಿಗಳು ಬೇಡವೆಂದು ಬಿಟ್ಟ ಸಾಮಾನ್ಯ ಕೊಲೆಗೆ ಅವು ಜಾಗ ಕೊಟ್ಟವು. ಈ ವಿಷಯದಲ್ಲಿ ನಮ್ಮ ರೀತಿಯೇ ಮೇಲು.

ಆದರೆ ಅದೇ ಕಾರ್ಯಕ್ರಮಗಳ ಕೊನೆಯಲ್ಲಿ ನಿರೂಪಕರು ನಮ್ಮತ್ತ ತಿರುಗಿ ಹೇಳುವ ಮಾತೇನು? ಎಚ್ಚರವಾಗಿರಿ, ಸುರಕ್ಷಿತವಾಗಿರಿ. ಹೇಳುವವರ ಉದ್ದೇಶವನ್ನು ನಾನು ಸಂದೇಹಿಸುವುದಿಲ್ಲ. ಆದರೂ ಒಂದು ಗಂಟೆ ಕಾಲ ಒಬ್ಬಳ ಕೊಲೆಯನ್ನು ತೋರಿಸಿ ಕಡೆಗೆ ಎಚ್ಚರವಾಗಿರಿ ಎಂದರೆ, ಅವಳು ಎಚ್ಚರ ತಪ್ಪಿದಳು ಎಂಬ ಅರ್ಥ ತಾನಾಗಿ ಹುಟ್ಟುತ್ತದೆ. ನಡುನಡುವೆ ಕಥೆ ನಿಲ್ಲಿಸಿ, ಆಕೆ ಆ ಹುಡುಗನನ್ನು ನಂಬಬಾರದಿತ್ತು, ತಂದೆತಾಯಿಗೆ ಹೇಳಬೇಕಿತ್ತು ಎಂದು ವಿವರಿಸುವಾಗ ಅದು ಇನ್ನೂ ಸ್ಪಷ್ಟವಾಗುತ್ತದೆ. ಕೊಂದವನಿಗೆ ಹೇಳುವ ಬುದ್ಧಿಮಾತು ಒಂದು ವಾಕ್ಯ, ಸತ್ತವಳ ತಪ್ಪುಗಳ ಪಟ್ಟಿ ಹತ್ತು ವಾಕ್ಯ. ಮಗಳನ್ನು ಕಳೆದುಕೊಂಡ ತಂದೆ ಆ ಕಂತನ್ನು ನೋಡಿದರೆ ಏನೆನಿಸೀತು ಎಂದು ಬರೆಯುವವರು ಒಮ್ಮೆ ಯೋಚಿಸಬೇಕು.

ಹೆಸರಿನ ವಿಚಾರದಲ್ಲಿ ನಮ್ಮ ಕಾನೂನನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಭಾರತೀಯ ದಂಡ ಸಂಹಿತೆಯ 228ಎ ಕಲಮು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮು, ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲಾಗದಂತೆ ತಡೆಯುತ್ತದೆ. ತಮಿಳುನಾಡಿನ ಮರಣದಂಡನೆ ಕೈದಿ ಆಟೋ ಶಂಕರನ ಆತ್ಮಕಥೆಯ ಪ್ರಕಟಣೆಗೆ ಸಂಬಂಧಿಸಿದ 1994ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸಬಹುದು ಎಂದಿತು. ಲೈಂಗಿಕ ದೌರ್ಜನ್ಯ, ಅಪಹರಣದಂಥ ಅಪರಾಧಗಳಿಗೆ ತುತ್ತಾದ ಹೆಣ್ಣಿನ ಹೆಸರನ್ನು ಮಾತ್ರ ಅದರಿಂದ ಹೊರಗಿಟ್ಟಿತು. ಖಾಸಗಿತನದ ಬಗ್ಗೆ ನಮ್ಮ ಮುಖ್ಯ ತೀರ್ಪುಗಳಲ್ಲಿ ಒಂದು ಹುಟ್ಟಿದ್ದು ಕೊಲೆಗಾರನ ಆತ್ಮಕಥೆಯ ದೆಸೆಯಿಂದ ಎಂಬುದೇ ನಮ್ಮ ಕುತೂಹಲ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ತೋರಿಸುತ್ತದೆ. ಹೆಸರು ಬದಲಿಸಿ ಎಂದು ಕಾನೂನು ಹೇಳುತ್ತದೆ. ಆಸೆಗಳನ್ನು, ಹಟವನ್ನು, ನಗುವನ್ನು ಅಳಿಸಿಹಾಕಿ ಎಂದು ಅದು ಹೇಳಿಲ್ಲ. 2012ರ ದೆಹಲಿ ಪ್ರಕರಣದಲ್ಲಿ ಮೂರು ವರ್ಷಗಳ ಬಳಿಕ ತಾಯಿಯೇ ಮುಂದೆ ಬಂದು, ನಾಚಬೇಕಾದವಳು ನನ್ನ ಮಗಳಲ್ಲ ಎಂಬರ್ಥದಲ್ಲಿ ಆಕೆಯ ಹೆಸರನ್ನು ಸಭೆಯಲ್ಲಿ ಹೇಳಿದ್ದರು.

ಅದೇ ಪ್ರಕರಣವನ್ನು ಆಧರಿಸಿ ರಿಚಿ ಮೆಹ್ತಾ ನಿರ್ದೇಶಿಸಿದ ‘ಡೆಲ್ಲಿ ಕ್ರೈಮ್’ 2019ರಲ್ಲಿ ಬಂತು, 2020ರಲ್ಲಿ ಅಂತಾರಾಷ್ಟ್ರೀಯ ಎಮ್ಮಿ ಪ್ರಶಸ್ತಿಯನ್ನೂ ಪಡೆಯಿತು. ಬಸ್ಸಿನೊಳಗಿನ ದೌರ್ಜನ್ಯವನ್ನು ಅದು ತೋರಿಸುವುದೇ ಇಲ್ಲ. ಅತ್ಯಾಚಾರವನ್ನು ದೃಶ್ಯವಾಗಿ ಮಾರುವ ಚಾಳಿ ಬಲವಾಗಿರುವ ನಮ್ಮಲ್ಲಿ ಇದು ದೊಡ್ಡ ಸಂಯಮ, ಇದಕ್ಕಾಗಿ ಆ ತಂಡಕ್ಕೆ ನಾನು ಋಣಿ. ಆದರೆ ಏಳು ಕಂತುಗಳು ಮುಗಿದಾಗ ನನ್ನೊಳಗೆ ಉಳಿದದ್ದು ಶೆಫಾಲಿ ಶಾ ಅಭಿನಯಿಸಿದ ಡಿಸಿಪಿ ವರ್ತಿಕಾ ಚತುರ್ವೇದಿ. ಅವಳ ನಿದ್ದೆಗೆಟ್ಟ ಕಣ್ಣು, ಅವಳ ಮಗಳೊಂದಿಗಿನ ವಾಗ್ವಾದ, ಅವಳ ಸಿಬ್ಬಂದಿಯ ಕಷ್ಟ. ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಹುಡುಗಿ ಅವರೆಲ್ಲರ ದೃಢನಿಶ್ಚಯಕ್ಕೆ ಕಾರಣಳಾಗಿ ಉಳಿದಳು. ಆ ರಾತ್ರಿಗೆ ಮುಂಚಿನ ಅವಳ ಬದುಕು ಕಥೆಯ ಅಂಚಿನಲ್ಲೇ ನಿಂತಿತು. ದೌರ್ಜನ್ಯವನ್ನು ತೋರಿಸದಿರುವುದು ಗೌರವ. ಅವಳನ್ನೂ ಅಂಚಿಗೆ ಸರಿಸಿದ್ದು ಆ ಗೌರವದ ಭಾಗವಾಗಿರಬೇಕಿರಲಿಲ್ಲ.

ಕನ್ನಡಿಗರಿಗೆ ಹತ್ತಿರದ ಉದಾಹರಣೆ ಒಂದಿದೆ. 2023ರಲ್ಲಿ ಬಂದ ‘ದಹಾಡ್’ ಹಿಂದಿ ಸರಣಿಯನ್ನು ನೋಡಿದ ಕನ್ನಡಿಗರಿಗೆಲ್ಲ ನೆನಪಾದದ್ದು ದಕ್ಷಿಣ ಕನ್ನಡದ ಪ್ರಕರಣ. ಶಾಲಾ ಶಿಕ್ಷಕನಾಗಿದ್ದ ಮೋಹನ್ ಕುಮಾರ್ ಎಂಬಾತ ವರದಕ್ಷಿಣೆ ಇಲ್ಲದೆ ಮದುವೆಯಾಗುವುದಾಗಿ ನಂಬಿಸಿ ಬಡಮನೆಯ ಯುವತಿಯರನ್ನು ಕರೆದೊಯ್ದು, ಗರ್ಭನಿರೋಧಕ ಮಾತ್ರೆಯೆಂದು ಸಯನೈಡ್ ಕೊಟ್ಟು ಕೊಲ್ಲುತ್ತಿದ್ದ. ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಬೇರೆಬೇರೆ ಊರುಗಳಲ್ಲಿ ಶವಗಳು ಸಿಗುತ್ತಿದ್ದವು, ಗುರುತು ಪತ್ತೆಯಾಗದ ಅಸಹಜ ಸಾವೆಂದು ಕಡತ ಮುಚ್ಚುತ್ತಿತ್ತು. 2009ರಲ್ಲಿ ಅವನು ಸಿಕ್ಕಿಬೀಳುವ ಹೊತ್ತಿಗೆ 20 ಮಹಿಳೆಯರ ಲೆಕ್ಕ ಹೊರಬಂತು. ನಾವು ಮಾಡಿದ್ದೇನು? ಅವನಿಗೆ ಒಂದು ಬಿರುದು ಕೊಟ್ಟೆವು. ಸಯನೈಡ್ ಮೋಹನ್ ಎಂದರೆ ಕರ್ನಾಟಕದಲ್ಲಿ ಎಲ್ಲರಿಗೂ ಗೊತ್ತು. ಆ 20 ಮಂದಿಯಲ್ಲಿ ಒಬ್ಬಳ ಬದುಕಿನ ಒಂದು ವಿವರವಾದರೂ ಎಷ್ಟು ಜನರಿಗೆ ಗೊತ್ತು?

‘ದಹಾಡ್’ ಕಥೆಯನ್ನು ರಾಜಸ್ಥಾನಕ್ಕೆ ಒಯ್ದಿದೆ. ಅದರ ಬರಹಗಾರರು ಹಿಡಿದ ಎಳೆ ಸರಿಯಾದದ್ದು: ಇಷ್ಟು ಹೆಣ್ಣುಮಕ್ಕಳು ಕಾಣೆಯಾದರೂ ಯಾರೂ ಹುಡುಕಲಿಲ್ಲವೇಕೆ? ಮಗಳು ಓಡಿಹೋದಳೆಂಬ ಅವಮಾನಕ್ಕೆ ಮನೆಯವರು ನಾಪತ್ತೆ ದೂರನ್ನೇ ಕೊಟ್ಟಿರುವುದಿಲ್ಲ. ತಂಗಿಯನ್ನು ಕಳೆದುಕೊಂಡ ದಲಿತ ಯುವಕನೊಬ್ಬನ ದೂರನ್ನು ಠಾಣೆಯಲ್ಲಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅವಳು ಅನ್ಯಧರ್ಮದವನೊಡನೆ ಹೋದಳೆಂದು ಅವನು ಹೇಳಿದ ಕೂಡಲೇ ಊರಿಗೆ ಊರೇ ಏಳುತ್ತದೆ. ಜೀವಂತ ಇದ್ದಾಗ ಲೆಕ್ಕಕ್ಕಿಲ್ಲದವಳು ಜಗಳಕ್ಕೆ ನೆಪವಾದಾಗ ಲೆಕ್ಕಕ್ಕೆ ಬಂದಳು. ಇಷ್ಟು ಸೂಕ್ಷ್ಮವಾಗಿ ಕಂಡ ಸರಣಿಯೂ ಎಂಟು ಕಂತುಗಳ ಬಹುಭಾಗವನ್ನು ಪತ್ತೇದಾರಿಣಿಗೂ ಕೊಲೆಗಾರನಿಗೂ ಹಂಚಿತು. ಸೌಮ್ಯ ಮುಖದ ಉಪನ್ಯಾಸಕನಾಗಿ ವಿಜಯ್ ವರ್ಮಾ ಅವರ ಅಭಿನಯವನ್ನು ಎಲ್ಲರೂ ಹೊಗಳಿದರು, ಹೊಗಳಿಕೆಗೆ ಅದು ಅರ್ಹವೂ ಹೌದು. ಆ ಹೆಣ್ಣುಮಕ್ಕಳು ಮಾತ್ರ ಗೋಡೆಗೆ ಅಂಟಿಸಿದ ಭಾವಚಿತ್ರಗಳ ಸಾಲಾಗಿ ಉಳಿದರು.

ಕೆಲವು ಕಥೆಗಳು ಕೊಂದವನ ಕುರಿತೇ ಇರಬೇಕಾಗುತ್ತದೆ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. 2025ರ ‘ಅಡಾಲೆಸೆನ್ಸ್’ 13 ವರ್ಷದ ಹುಡುಗನೊಬ್ಬ ಸಹಪಾಠಿಯನ್ನು ಇರಿದು ಕೊಂದ ಕಥೆ. ಅವನು ಅಲ್ಲಿಗೆ ಹೇಗೆ ತಲುಪಿದ ಎಂಬುದು ಗಂಡುಮಕ್ಕಳಿರುವ ಪ್ರತಿಯೊಂದು ಮನೆಗೂ ಬೇಕಾದ ಪ್ರಶ್ನೆ. ಎರಡನೆಯ ಕಂತಿನಲ್ಲಿ ತನಿಖೆಯ ಮಹಿಳಾ ಅಧಿಕಾರಿ ಮಿಶಾ ಫ್ರಾಂಕ್ ತನ್ನ ಸಹೋದ್ಯೋಗಿಗೆ, ಎಂದಿಗೂ ಕೊಂದವನಿಗೇ ಮುಂದಿನ ಸಾಲು, ಹುಡುಗನನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ, ಕೇಟಿಯನ್ನು ಯಾರೂ ನೆನೆಯುವುದಿಲ್ಲ ಎಂಬರ್ಥದ ಮಾತನ್ನು ಬೇಸರದಿಂದ ಹೇಳುತ್ತಾಳೆ. ಆ ಮಾತು ಪ್ರಾಮಾಣಿಕವಾದದ್ದು. ಆದರೆ ಅದನ್ನು ಹೇಳಿದ ಬಳಿಕವೂ ಸರಣಿ ಕೇಟಿಯ ಮನೆಯ ಬಾಗಿಲು ತಟ್ಟುವುದಿಲ್ಲ. ನಾಲ್ಕನೆಯ ಕಂತು ಕೂಡ ಹುಡುಗನ ತಂದೆತಾಯಿಯದೇ. ಸರಣಿಯ ಗುರಿಗೆ ಅದು ಸರಿಯಿದ್ದೀತು. ಕೊರತೆಯನ್ನು ಗುರುತಿಸಿ ಬಾಯಿಬಿಟ್ಟು ಹೇಳುವುದೇ ಅದನ್ನು ತುಂಬಿದ್ದಕ್ಕೆ ಸಮ ಎಂದು ಮಾತ್ರ ನಾನು ಒಪ್ಪಲಾರೆ.

ಕನ್ನಡದಲ್ಲಿ ಈಗ ವೆಬ್ ಸರಣಿಗಳ ಕಾಲ ಶುರುವಾಗುತ್ತಿದೆ, ಅಪರಾಧ ಕಥೆಗಳಿಗೆ ಬೇಡಿಕೆಯೂ ಇದೆ. ಮೋಹನನ ಪ್ರಕರಣವನ್ನು ಯಾರಾದರೂ ಕನ್ನಡದಲ್ಲೇ ಮಾಡಲು ಹೊರಟರೆ ನಾನು ಕೇಳಿಕೊಳ್ಳುವುದು ಇಷ್ಟು. ಶೀರ್ಷಿಕೆಯಲ್ಲಿ ಅವನ ಬಿರುದು ಬೇಡ. ಚಿತ್ರಕಥೆಗೆ ಕೂರುವ ಮುನ್ನ ಆ ಮನೆಗಳಿಗೆ ಹೋಗಿ, ಮಾತಾಡಲು ಇಷ್ಟವಿದ್ದವರನ್ನು ಮಾತಾಡಿಸಿ, ಬೇಡವೆಂದವರ ಮಗಳ ಕಥೆಯನ್ನು ಬಿಟ್ಟುಬಿಡಿ, ಹೆಸರುಗಳನ್ನು ಬದಲಿಸಿ. ಮೊದಲ ಕಂತಿನಲ್ಲಿ ಪೊಲೀಸ್ ಠಾಣೆಯೂ ಬೇಡ, ಶವವೂ ಬೇಡ. ವರದಕ್ಷಿಣೆ ಕೊಡಲಾಗದ ಮನೆಯಲ್ಲಿ ವಯಸ್ಸು ಮೀರುತ್ತಿದೆ ಎಂಬ ಮಾತನ್ನು ದಿನವೂ ಕೇಳುತ್ತ ದುಡಿದು ತಂದು ಹಾಕುವ ಒಬ್ಬ ಹೆಣ್ಣುಮಗಳು, ತನ್ನನ್ನು ಹಣ ಕೇಳದೆ ಒಪ್ಪಿದ ಒಬ್ಬನಿದ್ದಾನೆ ಎಂದು ನಂಬಲು ತೊಡಗುವ ವಾರಗಳನ್ನು ಪೂರ್ತಿ ತೋರಿಸಿ. ಅವಳು ಬುದ್ಧಿಗೇಡಿಯೆಂದು ಯಾವ ನೋಡುಗರಿಗೂ ಅನ್ನಿಸಬಾರದು, ಅವಳ ಜಾಗದಲ್ಲಿ ತಾವಿದ್ದರೂ ನಂಬುತ್ತಿದ್ದೆವು ಎನ್ನಿಸಬೇಕು. ತನಿಖಾಧಿಕಾರಿ ಎರಡನೆಯ ಕಂತಿನಲ್ಲಿ ಬರಲಿ. ಅವನು ಬಂದಾಗ ಅವನಿಗಿಂತ ಹೆಚ್ಚಾಗಿ ನಮಗೆ ಅವಳು ಗೊತ್ತಿರಲಿ.